ಗಾಜಿನ ತಟ್ಟೆಯಲ್ಲಿ ಸತ್ತ ಮಲೇರಿಯಾ

ನಾನು ನೆಲಬೇವು ಪುಡಿ ಮಾಡಲು ಕೂತರೆ ಇಡೀ ಕುಂಬಾರಕೊಪ್ಪಲಿನ ಬಾಯಿ ಕಹಿಯಾಗುತ್ತದೆ. ಔಷಧಿ ಗಿಡಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಎಲೆ ಒಣಗಿಸಿ ಪುಡಿ ಮಾಡುವುದು ನನ್ನ ಕೆಲಸ. ಉಳಿದ ಸಣ್ಣಪುಟ್ಟದ್ದನ್ನು ಪ್ರೇಮಲೀಲಾ ಮೇಡಂ ಮಾಡುತ್ತಾರೆ. ಹೋದ ತಿಂಗಳು ಅವರು ಗಾಜಿನ ತಟ್ಟೆಯಲ್ಲಿ ಸಾಕಿದ್ದ ಮಲೇರಿಯಾ ರೋಗಾಣುಗಳ ಮೇಲೆ ನನ್ನ ನೆಲಬೇವಿನ ಸಾರ ಬಿಟ್ಟರು. ಎಲ್ಲ ಸತ್ತವು.

"ತಟ್ಟೇಲಿ ಸಾಯೋದು ಬೇರೆ, ಮನುಷ್ಯನ ಮೈಯಲ್ಲಿ ಸಾಯೋದು ಬೇರೆ ಕಣ್ರೀ ವಾಗೀಶ. ತಟ್ಟೆಗೆ ಸೋಪಿನ ನೀರು ಬಿಟ್ರೂ ಸಾಯ್ತವೆ," ಎಂದರು ಮೇಡಂ.

ಅಂಥ ಮಾತನ್ನೆಲ್ಲ ನೆನಪಿಟ್ಟುಕೊಂಡರೆ ಮನುಷ್ಯ ಬೀದಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಸಂಜೆ ಟೀ ಅಂಗಡಿಯಲ್ಲಿ ನಿಂತು, ಲೋಕದ ಮಲೇರಿಯಾ ಮುಗಿಯಿತೆಂದು ಸಾರಿಬಿಟ್ಟೆ.

ಎದುರುಮನೆಯ ಸಣ್ಣಯ್ಯ ಮಂಗಳೂರಿನಲ್ಲಿ ಗಾರೆ ಕೆಲಸ ಮುಗಿಸಿ, ಮಲೇರಿಯಾವನ್ನೂ ಜೊತೆಗೆ ಕರೆತಂದಿದ್ದ. ದಿನ ಬಿಟ್ಟು ದಿನ ಚಳಿಜ್ವರ. ಅವನು ನಡುಗಿದರೆ ನಮ್ಮ ಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಆಸ್ಪತ್ರೆಯ ಮಾತ್ರೆ ನುಂಗಿದರೆ ವಾಂತಿ. ಅವನ ಹೆಂಡತಿ ಸಿದ್ದಲಿಂಗಮ್ಮ ಬಂದು, "ಅಣ್ಣ, ನೀವು ಕಂಡುಹಿಡಿದಿರೋ ಸೊಪ್ಪು ಒಂದ್ ಹಿಡಿ ಕೊಡಿ," ಎಂದಳು. ನಾನು ಕಂಡುಹಿಡಿದದ್ದಂತೆ! ಆ ಮಾತಿಗೇ ಒಂದು ಚೀಲ ಕೊಟ್ಟೆ.

ಕಷಾಯ ಕುಡಿದ ಮರುದಿನ ಜ್ವರವಿಲ್ಲ. ಸಣ್ಣಯ್ಯ ಇಡ್ಲಿ ತಿಂದ. ಬೀದಿಗೆ ಬೀದಿಯೇ ನನ್ನ ಬಾಗಿಲಿಗೆ ಬಂತು. ಅದು ಹೇಗೂ ಜ್ವರ ಬಾರದ ದಿನ ಎಂಬುದು ನನಗೆ ಹೊಳೆಯಲಿಲ್ಲ ಎನ್ನಬಹುದು. ಹೊಳೆದಿತ್ತು.

"ಮಾತ್ರೆ ನಿಲ್ಲಿಸ್ಬುಡ್ಲಾ ಅಣ್ಣ?" ಎಂದು ಸಿದ್ದಲಿಂಗಮ್ಮ ಕೇಳಿದಾಗ, ಅಷ್ಟು ಜನರ ಮುಂದೆ ಮೀಸೆ ತಿರುವಿ, "ನಮ್ ಸೊಪ್ಪಿರುವಾಗ ಮಾತ್ರೆ ಯಾಕಮ್ಮ?" ಎಂದುಬಿಟ್ಟೆ.

ಮರುದಿನ ಜ್ವರ ಮರಳಿತು. ನಾನು ಎದುರುಮನೆ ಕಾಣದಂತೆ ಕಿಟಕಿ ಮುಚ್ಚಿದೆ. ವಾರ ಕಳೆಯುವಷ್ಟರಲ್ಲಿ ಸಣ್ಣಯ್ಯನ ಕಣ್ಣು ಹಳದಿಯಾಗಿ, ಮಾತು ತೊದಲತೊಡಗಿತಂತೆ. ಕೇಳಿದವನೇ ಓಡಿದೆ.

"ಆಸ್ಪತ್ರೆಗೆ ನಡಿಯಮ್ಮ. ನಾನು ಹೇಳಿದ್ದು ಸುಳ್ಳು. ಆ ಸೊಪ್ಪನ್ನ ರೋಗಿಗಳ ಮೇಲೆ ಇನ್ನೂ ಪರೀಕ್ಷೆ ಮಾಡಿಲ್ಲ."

"ಸುಮ್ನಿರಿ ಅಣ್ಣ, ಈಗ ತಮಾಷೆ ಬೇಡ. ಇನ್ನೊಂದ್ ಲೋಟ ಗಟ್ಟಿಯಾಗಿ ಕಾಯಿಸ್ತೀನಿ."

ನಿಜ ಹೇಳಿ ಅಭ್ಯಾಸವಿಲ್ಲದವನ ನಿಜವನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಇನ್ನೊಂದು ಸುಳ್ಳೇ ಬೇಕಾಯಿತು. "ನನ್ ಸೊಪ್ಪನ್ನೇ ಇಂಜೆಕ್ಷನ್ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಿದೀನಿ. ಕಷಾಯ ಅದರ ಮುಂದೆ ಬರೀ ನೀರು!"

ಅವಳು ತಕ್ಷಣ ಆಟೊ ಕರೆಸಿದಳು.

ಸಣ್ಣಯ್ಯ ಉಳಿದ. ನಾನು ನೋಡಲು ಹೋದಾಗ ಪಕ್ಕದ ಹಾಸಿಗೆಯ ಜ್ವರದವನಿಗೆ, "ಇವರೇ ಕಣಪ್ಪ, ಸೊಪ್ಪಿನ ಇಂಜೆಕ್ಷನ್ ಕಂಡುಹಿಡಿದೋರು," ಎಂದ.

ಆತ ಎದ್ದು ಕೂತು ಕೈಮುಗಿದ. "ನಂಗೂ ಆ ಸೊಪ್ಪು ಒಂದಿಷ್ಟು ಕೊಡಿ ಸ್ವಾಮಿ. ಈ ಮಾತ್ರೆ ನುಂಗಕ್ಕಾಗ್ತಿಲ್ಲ."

"ಬೇಡ," ಎಂದೆ. "ಅದನ್ನ ನಂಬಿ ಮಾತ್ರೆ ಬಿಟ್ರೆ ಸತ್ತೋಗ್ತೀರಾ. ಇವನನ್ನ ಉಳಿಸಿದ್ದು ಆಸ್ಪತ್ರೆ ಔಷಧಿ. ನನ್ ಸೊಪ್ಪಲ್ಲ."

ಸಣ್ಣಯ್ಯ ನನ್ನನ್ನೇ ನೋಡಿದ. "ಮತ್ತೆ ನಂಗ್ಯಾಕೆ ಕೊಟ್ರಿ ವಾಗೀಶಣ್ಣ?"

ಬಿಸಿನೀರು ತರುತ್ತೇನೆಂದು ಫ್ಲಾಸ್ಕ್ ಎತ್ತಿಕೊಂಡು ಹೊರಟೆ. ಫ್ಲಾಸ್ಕ್ ತುಂಬಿಯೇ ಇತ್ತು.