ಮಷಿನ್ನಿಗೊಂದು ಅಂಗಿ

ಕಾಗದದ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವಳು ಪಟಾಕಿ. ಮೂಗಿನ ತುದಿಯಲ್ಲೇ ಸಿಟ್ಟು. ಬತ್ತಿಗೆ ಬೆಂಕಿ ಹಚ್ಚುವುದೇ ಬೇಡ, ಬೆಂಕಿಪೊಟ್ಟಣ ತೋರಿಸಿದರೆ ಸಾಕು. ಆದರೂ ರಾಡಿ ತೊಟ್ಟಿಯ ಬಾಯಲ್ಲಿ ಹಗ್ಗ ಹಿಡಿದು ಕಾಯುವ ಕೆಲಸಕ್ಕೆ ಅವಳೇ ಬೇಕು ಅಂತ ಒಳಗಿಳಿಯುವವರೆಲ್ಲ ಪಟ್ಟು ಹಿಡಿಯುತ್ತಿದ್ದರು. ಕೆಳಗೆ ಮನುಷ್ಯ ಇದ್ದಾನೆಂದರೆ ಅವಳು ಆಚೀಚೆ ಕಣ್ಣು ಹೊರಳಿಸುವವಳಲ್ಲ. ಇಳಿಯುವವರಲ್ಲಿ ಅವಳ ಒಡಹುಟ್ಟಿದ ತಮ್ಮನೂ ಒಬ್ಬ.

ಆ ತೊಟ್ಟಿಯ ತಳದಲ್ಲಿ ಕಾಗದದ ತಿರುಳು ಕೊಳೆತು ವಿಷದ ಗಾಳಿ ಕಟ್ಟಿಕೊಳ್ಳುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಜಾಸ್ತಿಯಾದರೆ ಮೂಗೇ ಸತ್ತುಹೋಗಿ ನಾತವೂ ತಿಳಿಯುವುದಿಲ್ಲ. ಅದಕ್ಕೇ ಕಂಪನಿಯವರು ಅಂಗೈಯಗಲದ ಗ್ಯಾಸ್ ಮಷಿನ್ನುಗಳನ್ನು ತರಿಸಿದ್ದರು. ಎದೆಗೆ ಸಿಕ್ಕಿಸಿಕೊಂಡು ಇಳಿದರಾಯಿತು, ಗಾಳಿ ಕೆಟ್ಟ ಕೂಡಲೇ ಅದು ಕಿರುಚಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪೂಜಾರಿ ಅಂದರೆ ಇಲ್ಲಿ ಸ್ಟೋರಿನವನು. ಬೀಗ ಅಂತ ಅವನ ಅಡ್ಡಹೆಸರು. ಕಂಪನಿಯ ಸಾಮಾನೆಲ್ಲ ಅವನ ಅಪ್ಪ ಮಾಡಿಟ್ಟ ಆಸ್ತಿ ಅನ್ನುವ ಹಾಗೆ ಕಾಯುವ ಪ್ರಾಣಿ.

ಮೊದಲ ವಾರವೇ ತಮ್ಮ ರಾಡಿ ಮೆತ್ತಿದ ಮಷಿನ್ ವಾಪಸು ತಂದ. ಬೀಗ ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದ.

"ಇದರ ಬೆಲೆ ಗೊತ್ತೇನೋ ನಿಂಗೆ? ನಿನ್ನನ್ನ ಮಾರಿದ್ರೂ ಇದು ಬರಲ್ಲ. ಒರೆಸು. ನಿನ್ನ ಅಂಗೀಲೇ ಒರೆಸು. ಇನ್ನೊಂದ್ಸಲ ಹೀಗೆ ತಂದ್ರೆ ಮಷಿನ್ ಇಲ್ದೇ ಇಳೀತೀಯ."

ಇಡೀ ಪಾಳಿಯ ಜನ ನೋಡುತ್ತಿದ್ದರು. ತಮ್ಮ ಅಂಗಿಯ ತುದಿ ಎತ್ತಿ, ಹೊಟ್ಟೆ ಕಾಣುವ ಹಾಗೆ ನಿಂತು ಒರೆಸಿದ. ಬೀಗನಿಗೆ ಬಾರಿಸಲು ಪಟಾಕಿಯ ಕೈ ಕಡಿಯಿತು. ತಮ್ಮ ಅವಳ ತೋಳು ಹಿಡಿದುಕೊಂಡ. "ಬಿಡಕ್ಕ, ಬಾಯಿ ಬಿಟ್ರೆ ಕೆಲಸ ಹೋಗುತ್ತೆ." ಅವಳು ಹಲ್ಲು ಕಚ್ಚಿಕೊಂಡಳು. ಯಾಕಾದರೂ ಕಚ್ಚಿಕೊಂಡೆನೋ ಅಂತ ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡಳೋ!

ತಮ್ಮ ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದ. ಹೆಂಡತಿ ನಗಲಿಲ್ಲ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೇಜಿನ ಹೊದಿಕೆಯಲ್ಲಿ ಉಳಿದಿದ್ದ ಗಾಜಿನಂಥ ಪ್ಲಾಸ್ಟಿಕ್ ಕತ್ತರಿಸಿ, ಅಂಚಿಗೆ ನೀಲಿ ಪಟ್ಟಿ ಕೊಟ್ಟು, ಜಿಪ್ ಕೂರಿಸಿ ಮಷಿನ್ನಿಗೊಂದು ಕವರ್ ಹೊಲಿದಳು. "ಒಂದು ಹನಿ ನೀರೂ ಒಳಗೆ ಹೋಗಲ್ಲ ನೋಡಿ ಅಕ್ಕ" ಅಂತ ಗಂಡನ ಅಕ್ಕನಿಗೆ ತೋರಿಸಿದಳು. "ಇದು ಕೈಯಲ್ಲ ಕಣೇ, ಚಿನ್ನ" ಅಂದಳು ಪಟಾಕಿ. ಹೊಸ ರಿಮೋಟಿಗೆ ಬಂದ ಪ್ಲಾಸ್ಟಿಕ್ಕನ್ನು ಅದು ಕೆಟ್ಟು ಮೂಲೆ ಸೇರುವವರೆಗೂ ತೆಗೆಯದ ಜನ ಇವರು. ಇದರಲ್ಲಿ ತಪ್ಪೇನು ಅಂತ ಯಾರಿಗೆ ಹೊಳೆಯಬೇಕು?

ಹೊಳೆಯಬೇಕಾದವನು ಒಬ್ಬನಿದ್ದ. ಸೇಫ್ಟಿ ಆಫೀಸರು. ಅದಕ್ಕೆಂದೇ ಓದಿದವನು, ಅದಕ್ಕೆಂದೇ ಸಂಬಳ ಎಣಿಸುವವನು. ಬೆಳಗಿನ ಮೀಟಿಂಗಿನಲ್ಲಿ ಆ ಕವರ್ ಕಂಡು ಅವನ ಮುಖ ಅರಳಿತು. "ಶಭಾಷ್! ಸಾಮಾನು ಅಂದ್ರೆ ಹೀಗೆ ನೋಡ್ಕೋಬೇಕು" ಅಂತ ಮಷಿನ್ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ. ಬೀಗನಂತೂ ಎಲ್ಲ ಮಷಿನ್ನಿಗೂ ಕವರ್ ಬೇಕು ಅಂತ ಹೇಳಿ ಕಳಿಸಿದ. ತಮ್ಮನ ಹೆಂಡತಿ ಕೂತು ಎಲ್ಲಕ್ಕೂ ಹೊಲಿದುಕೊಟ್ಟಳು. ಕೈ ಚಾಚಿ ಒಂದು ಕಾಸೂ ಕೇಳಲಿಲ್ಲ. ಗಂಡನ ಮರ್ಯಾದೆ ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು ಅವಳಿಗೆ.

ಆವತ್ತು ತೊಟ್ಟಿಯ ತಳದ ಕೊಳವೆ ಕಟ್ಟಿಕೊಂಡಿತ್ತು. ತಮ್ಮ ಬೆಲ್ಟ್ ಬಿಗಿದುಕೊಂಡು ಏಣಿ ಇಳಿದ. ಎದೆಯ ಮೇಲೆ ಮಷಿನ್ನಿನ ಹಸಿರು ದೀಪ ಪ್ಲಾಸ್ಟಿಕ್ಕಿನೊಳಗಿಂದ ಮಿಟುಕುತ್ತಿತ್ತು. ಬೆಲ್ಟಿನ ಹಗ್ಗ ಮೇಲಿನ ರಾಟೆಗೆ ಹೋಗಿ ಅಲ್ಲಿಂದ ಪಟಾಕಿಯ ಕೈಗೆ ಬಂದಿತ್ತು.

"ಅಕ್ಕಾ, ಊಟದ ಡಬ್ಬಿ ಮುಚ್ಚಳ ತೆಗೀಬೇಡ, ಹೋದ್ಸಲ ಅರ್ಧ ನೀನೇ ತಿಂದಿದ್ದೆ" ಅಂತ ಕೆಳಗಿಂದ ಕೂಗಿದ.

"ಮುಚ್ಕೊಂಡು ಕೆಲಸ ಮಾಡೋ ಹೊಟ್ಟೆಬಾಕ!"

ಸಲಿಕೆಯ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ನಿಂತಿತು. ಅವಳು ಕೂಗಿದಳು. ಉತ್ತರವಿಲ್ಲ. ಹಗ್ಗ ಜಗ್ಗಿದಳು. ಮರುಜಗ್ಗು ಬರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ತಮ್ಮ ರಾಡಿಯಲ್ಲಿ ಮಂಡಿಯೂರಿ ಗೋಡೆಗೆ ಒರಗಿದ್ದ. ಎದೆಯ ಮೇಲೆ ದೀಪ ಇನ್ನೂ ಹಸಿರಾಗೇ ಇತ್ತು.

ಪಕ್ಕದಲ್ಲಿದ್ದ ಗಡ್ಡದವನು, ತಮ್ಮನ ಜೀವದ ಗೆಳೆಯ, ಹಿಂದೆ ಮುಂದೆ ನೋಡದೆ ಏಣಿಗೆ ಕಾಲಿಟ್ಟ. ಪಟಾಕಿ ಅವನ ಎದೆಗೇ ಒದ್ದಳು.

"ಇಳಿದ್ಯೋ, ಕಾಲು ಮುರೀತೀನಿ! ಒಂದು ಹೆಣ ಸಾಲ್ದಾ ನಿಂಗೆ? ಹಗ್ಗಕ್ಕೆ ಕೈ ಹಾಕೋ!"

ಹೆಣ ಅಂದ ತನ್ನ ಬಾಯಿಗೇ ಅವಳು ಹೆದರಿದಳು. ಇಳಿಯಬೇಕು ಅಂತ ಅವಳ ಜೀವವೂ ಹಾರುತ್ತಿತ್ತು. ಕೂಡಿ ಬೆಳೆದ ತಮ್ಮ, ಅವ್ವ ಸಾಯುವಾಗ ಕೈಗೆ ಕೊಟ್ಟುಹೋದವನು. ಆದರೆ ಹಗ್ಗ ಬಿಟ್ಟರೆ ಅವನನ್ನು ಮೇಲೆ ತರುವವರು ಯಾರು? ಇಬ್ಬರೂ ಸೇರಿ ಜಗ್ಗಿದರು. ಅವಳು ಸತ್ತ ತಂದೆಯನ್ನೂ ಬಿಡದೆ ಕಂಡಕಂಡವರನ್ನೆಲ್ಲ ಬೈಯುತ್ತ ಎಳೆದಳು.

ತೊಟ್ಟಿಯ ಬಾಯಿಗೆ ತಮ್ಮನ ತಲೆ ಬಂತು. ಮುಖ ನೀಲಿಗಟ್ಟಿತ್ತು. ಬೆಲ್ಟ್ ಬಿಚ್ಚಲು ಮಷಿನ್ ಅಡ್ಡ ಬಂದಾಗ ಪಟಾಕಿ ಅದನ್ನು ಕಿತ್ತೆಳೆದಳು. ಪ್ಲಾಸ್ಟಿಕ್ ಹರಿದು ಮಷಿನ್ ತೊಟ್ಟಿಯ ಬಾಯಿಯ ಅಂಚಿಗೇ ಬಿತ್ತು.

ಬಿದ್ದದ್ದೇ ತಡ, ಅದು ಕಿರುಚತೊಡಗಿತು. ಕೆಂಪು ದೀಪ ಹೊಡೆದುಕೊಳ್ಳುತ್ತ, ಇಡೀ ಅಂಗಳಕ್ಕೆ ಕೇಳುವ ಹಾಗೆ ಕಿರುಚಿತು.

ಗಡ್ಡದವನು ಹರಿದ ಕವರ್ ನೋಡಿದ, ಮಷಿನ್ ನೋಡಿದ. "ಅಯ್ಯೋ... ಗಾಳಿ ಒಳಗೆ ಹೋಗ್ಬೇಕಿತ್ತು ಅಕ್ಕಾ. ನಾವು ಅದರ ಮೂಗು ಕಟ್ಟಿದ್ವಿ."

"ಗಾಳಿಗೆ ದೂರ ಎಳಿ ಇವನನ್ನ! ಆಮೇಲೆ ಸ್ಟೋರಿಗೆ ಓಡು, ಅಲ್ಲಿರೋ ಕವರೆಲ್ಲ ಹರಿದು ಬಿಸಾಡು. ಬೀಗ ಅಡ್ಡ ಬಂದ್ರೆ ಅವನನ್ನೂ ಹರಿ!"

ಆಸ್ಪತ್ರೆಯಲ್ಲಿ ತಮ್ಮನನ್ನು ಒಳಗೆ ಒಯ್ದರು. ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ಸೆರಗಿನ ಮೇಲೆ ಇನ್ನೂ ದಾರದ ಎಳೆಗಳು. ಸೇಫ್ಟಿ ಆಫೀಸರು ಬೀಗನನ್ನು ಹಿಂದಿಟ್ಟುಕೊಂಡು ಬಂದ. ಹೇಗಿದ್ದಾನೆ ಅಂತ ಒಂದು ಮಾತು ಕೇಳಬೇಕೋ ಬೇಡವೋ!

"ಮಷಿನ್ ಸರಿಯಾಗೇ ಇತ್ತು. ಅದಕ್ಕೆ ಕವರ್ ಹಾಕಿ ಅಂತ ಕಂಪನಿ ಯಾರಿಗೂ ಹೇಳಿಲ್ಲ. ಹೊಲಿದವರೇ ಇದಕ್ಕೆ ಜವಾಬ್ದಾರಿ."

ಬೆಂಚಿನ ಮೇಲಿದ್ದವಳು ತಲೆ ಎತ್ತಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ಪಟಾಕಿ ಎದ್ದಳು. "ಥೂ ನಿಮ್ಮ ಜನ್ಮಕ್ಕೆ! ಕೈಯಲ್ಲಿ ಎತ್ತಿ ಹಿಡಿದು ಶಭಾಷ್ ಅಂದೋರು ಯಾರು? ಫೋಟೋದಲ್ಲಿ ಹಲ್ಲು ಕಿರಿದೋರು ಯಾರು? ನಾವು ಗೊತ್ತಿಲ್ದೇ ಹಾಕಿದ್ವಿ. ನೀವು ಗೊತ್ತಿರೋದಕ್ಕೇ ಸಂಬಳ ತಗೋತೀರಲ್ಲ ಸಾರ್! ಇವನು ನೋಡಿ, ಇವನು" ಅಂತ ಬೀಗನ ಕಡೆ ಬೆರಳು ಚಾಚಿದಳು. "ಮನುಷ್ಯ ರಾಡಿ ಆದ್ರೂ ಪರವಾಗಿಲ್ಲ, ಮಷಿನ್ ಆಗಬಾರದು ಅಂದವನು. ಇಬ್ಬರೂ ಹೊರಡಿ ಇಲ್ಲಿಂದ. ಇಲ್ಲಾಂದ್ರೆ ಇನ್ನೆರಡು ಹಾಸಿಗೆ ಬೇಕಾಗುತ್ತೆ."

ಅವರು ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು, ಜೀವಕ್ಕೆ ಅಪಾಯವಿಲ್ಲ, ಎಚ್ಚರವಾಗಿದೆ, ಒಳಗೆ ಹೋಗಬಹುದು ಅಂದರು. ಹೆಂಡತಿ ಕೂತಲ್ಲಿಂದ ಏಳಲಿಲ್ಲ.

"ನೀವು ಹೋಗಿ ಅಕ್ಕ. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ? ನನ್ನ ಕೈಯಾರೆ ಹೊಲಿದೆ."

ಪಟಾಕಿಗೆ ಅವಳ ಮೇಲೂ ಸಿಟ್ಟು ಬಂತು, ಸುಳ್ಳೇಕೆ? ಬಂದ ಸಿಟ್ಟಿಗೇ ನಾಚಿಕೆಯೂ ಆಯಿತು. ರಟ್ಟೆ ಹಿಡಿದು ಎಬ್ಬಿಸಿದಳು.

"ಏಳೇ. ಅವನು ಇನ್ನೊಬ್ಬರ ಮುಂದೆ ತಲೆ ತಗ್ಗಿಸಬಾರದು ಅಂತ ಹೊಲಿದೆ ನೀನು. ಅವನ ತಲೆ ತಗ್ಗಿಸೋ ಹಾಗೆ ಮಾಡಿದವರು ಇವತ್ತು ಆರಾಮಾಗಿ ಉಂಡು ಮಲಗ್ತಾರೆ. ನೀನ್ಯಾಕೆ ಹೊರಗೆ ಕೂರ್ತೀಯ? ನಡಿ ಒಳಗೆ."

ತಮ್ಮನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಕಟ್ಟಿದ್ದರು. ಇಬ್ಬರನ್ನೂ ಕಂಡು ಅವನ ಕಣ್ಣು ಗಾಬರಿಯಿಂದ ಅಗಲವಾಯಿತು. ಕೈ ಎದೆಯ ಮೇಲೆ ತಡಕಾಡಿತು. ಮುಖವಾಡ ಸರಿಸಿ ಏನೋ ಅಂದ. ಅಕ್ಕ ಬಗ್ಗಿ ಕಿವಿಗೊಟ್ಟಳು.

"ಮಷಿನ್... ರಾಡಿ ಆಯ್ತಾ?"

ಪಟಾಕಿ ಬಾಯಿ ತುಂಬ ಬಂದ ಬೈಗುಳ ನುಂಗಿ, ಮುಖವಾಡವನ್ನು ಮತ್ತೆ ಅವನ ಮೂಗಿಗೆ ಕೂರಿಸಿದಳು. ಹೆಂಡತಿಯೇ ಅವನ ಕೈ ಹಿಡಿದುಕೊಂಡಳು.

"ಇಲ್ಲ. ಹೊಸದರ ಹಾಗೇ ಇದೆ" ಅಂದಳು.

ಅಷ್ಟು ಕೇಳಿದ ಮೇಲೆ ಅವನಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿ ನಿದ್ದೆ ಹೋದ.