ಮಧ್ಯಾಹ್ನ ಹನ್ನೆರಡರ ಗಾಳಿ

ಮೂವತ್ತು ವರ್ಷ ಹಡಗಿನಲ್ಲಿ ವೈರ್‌ಲೆಸ್ ಕೀಲಿ ಕುಟ್ಟಿದವನು ನಾನು. ಗಾಳಿಯಲ್ಲಿ ಓಡಾಡುವ ಮಾತಿನ ವಿಷಯದಲ್ಲಿ ನಮ್ಮೂರು ಕೀಲುಂಗ್ ಬಂದರಿನಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆ ಜಂಬವನ್ನು ಮನೆಯ ವೈಫೈ ಒಂದೇ ವಾರದಲ್ಲಿ ಇಳಿಸಿತು.

ನನ್ನ ಸೊಸೆ ಯುನ್-ಜೂಗೆ ಕಿವಿ ಕೇಳಿಸದು, ಅವಳ ತಾಯಿಗೂ ಕೇಳಿಸದು. ಇಬ್ಬರ ಮಾತೂ ಕೈಯಲ್ಲೇ. ವಾರದಿಂದ ತಾಯಿ ಬೆಟ್ಟದಾಚೆಯ ಹ್ವಾಲಿಯೆನ್‌ನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಫೋನು ಕೈಗೆ ಸಿಗುವುದು ಹನ್ನೆರಡರಿಂದ ಹನ್ನೆರಡೂವರೆವರೆಗೆ ಮಾತ್ರ. ಸರಿಯಾಗಿ ಆಗಲೇ ವಿಡಿಯೊ ಕರೆ ತಡೆದು ಪರದೆಯ ಮೇಲೆ ಕೈಗಳು ಕಲ್ಲಾಗುತ್ತಿದ್ದವು. ನಾಳೆ ಹೃದಯದ ಆಪರೇಷನ್. ಇವತ್ತೂ ತಪ್ಪಿದರೆ ಅದಕ್ಕೆ ಮುಂಚೆ ತಾಯಿ ಮಗಳಿಗೆ ಮಾತಿಲ್ಲ.

ಹನ್ನೊಂದೂವರೆಗೆ ರಿಪೇರಿಯ ಹುಡುಗಿ ಚಿಯು ಬಂದಳು. ಅಡುಗೆಮನೆಯಲ್ಲಿ ಮೈಕ್ರೋವೇವ್ ಪಕ್ಕದಲ್ಲೇ ಇದ್ದ ವೈಫೈ ಡಬ್ಬಿ ಅವಳಿಗೆ ಕಾಣಲೇ ಇಲ್ಲ. ಸುತ್ತ ನಾನು ಆರು ಹಸಿರು ಕುರುಕಲು ಪೊಟ್ಟಣ ನಿಲ್ಲಿಸಿದ್ದೆ. ಹಸಿರು ಪೊಟ್ಟಣ ಇಟ್ಟರೆ ಯಂತ್ರ ಹೇಳಿದ ಮಾತು ಕೇಳುತ್ತದೆ, ಹಳದಿ ಇಟ್ಟರೆ ಮುನಿಯುತ್ತದೆ ಎಂದು ನಂಬಿಕೆ. ನಮ್ಮಲ್ಲಿ ಕಚೇರಿಯವರೂ ಇಡುತ್ತಾರೆ.

“ಅಜ್ಜಾ, ಒಂದಿಟ್ರೆ ಸಾಕಾಗಿತ್ತು. ನೀವು ಕೋಟೆನೇ ಕಟ್ಟಿಬಿಟ್ಟಿದ್ದೀರಲ್ಲ! ಒಳಗೆ ಬೆಳ್ಳಿ ಹಾಳೆ ಇರುತ್ತೆ, ಅಲೆ ಹೊರಗೆ ಹೆಂಗ್ ಬರ್ಬೇಕು?”

“ಹಸಿರೇ ತಂದಿದ್ದೀನಮ್ಮ, ಹಳದಿ ಅಲ್ಲ.”

“ಬಣ್ಣಕ್ಕೇನೂ ಮೋಸ ಇಲ್ಲ ಬಿಡಿ.”

ಅವಳು ತನ್ನ ಟ್ಯಾಬ್ಲೆಟ್ ತೆರೆದಳು. ಒಂದರ ಮೇಲೊಂದು ಬಣ್ಣಬಣ್ಣದ ದಿಬ್ಬಗಳು. “ಒಂದೊಂದೂ ಒಂದೊಂದು ಮನೆಯ ವೈಫೈ. ಒಟ್ಟು ನಲವತ್ತೊಂದು.”

ಕಡಲಲ್ಲಿ ದಿನವಿಡೀ ಕಿವಿಗೊಟ್ಟರೂ ಎರಡು ಹಡಗು ಸಿಕ್ಕರೆ ಹೆಚ್ಚು. ಇಲ್ಲಿ ನನ್ನ ಸಾರಿನ ಬಟ್ಟಲಿನ ಮೇಲೆಯೇ ನಲವತ್ತೊಂದು ಮನೆಗಳ ನಗು, ಜಗಳ, ಪಾಠ ಎಲ್ಲ ಹಾಯ್ದುಹೋಗುತ್ತಿತ್ತು. ಮೈ ಜುಮ್ಮೆಂದಿತು.

ಹನ್ನೆರಡಕ್ಕೆ ಹತ್ತು ನಿಮಿಷ. ಅಭ್ಯಾಸದಂತೆ ಸಾರನ್ನು ಮೈಕ್ರೋವೇವ್‌ನಲ್ಲಿಟ್ಟು ಗುಂಡಿ ಒತ್ತಿದೆ. ದಿಬ್ಬಗಳೆಲ್ಲ ಮುಳುಗಿ ಪರದೆ ಕೆಂಪಾಯಿತು.

“ದಿನಾ ಇಡ್ತೀರಾ ಅಜ್ಜಾ?”

“ಸೊಸೆ ಮಾತು ಮುಗಿಸಿ ಏಳೋ ಹೊತ್ತಿಗೆ ಬಿಸಿ ಇರ್ಲಿ ಅಂತ, ಅರ್ಧ ಗಂಟೆನೂ ಮತ್ತೆ ಮತ್ತೆ...”

ಕರೆ ಕೆಡಿಸುತ್ತಿದ್ದುದು ನನ್ನ ಸಾರೇ ಎಂದು ಹೊಳೆದು ಮೈಕ್ರೋವೇವ್ ಆರಿಸಿದೆ. ಚಿಯು ಬೈಯಲಿಲ್ಲ. ಡಬ್ಬಿಯನ್ನು ಹಜಾರಕ್ಕೆ ಒಯ್ದು, ಮೈಕ್ರೋವೇವ್‌ನ ಕಾಟ ತಟ್ಟದ ಬೇರೆ ಅಲೆಗೆ ಹೊಂದಿಸಿದಳು.

ಹನ್ನೆರಡಾಯಿತು. ನೆರೆಹೊರೆಯವರೆಲ್ಲ ಊಟ ಬಿಸಿಗಿಟ್ಟಿರಬೇಕು, ಟ್ಯಾಬ್ಲೆಟ್‌ನಲ್ಲಿ ಹಳೆಯ ದಿಬ್ಬಗಳ ಜಾಗ ಕೆಂಪೇರಿತು. ಅದರಾಚೆ ಸೊಸೆಯ ಫೋನಿನಲ್ಲಿ ಬೆಟ್ಟ ದಾಟಿ ಬಂದ ಎರಡು ಮುದಿ ಕೈಗಳು ಒಮ್ಮೆಯೂ ನಿಲ್ಲದೆ ಆಡುತ್ತಿದ್ದವು. ಯುನ್-ಜೂ ಅಳುತ್ತಾ ನಗುತ್ತಾ ಉತ್ತರಿಸುತ್ತಿದ್ದಳು.

ಬೀಗಿತ್ತಿ ನನ್ನನ್ನು ಕಂಡರು. ಬೆರಳು ಕೂಡಿಸಿ ಬಾಯಿಯ ಬಳಿ ತಂದು ಹುಬ್ಬೇರಿಸಿದರು. ಯಾರೂ ಅರ್ಥ ಹೇಳಬೇಕಾಗಲಿಲ್ಲ: ಊಟ ಆಯ್ತಾ?

ನಾಳೆ ಎದೆ ಕೊಯ್ಯಿಸಿಕೊಳ್ಳುವವರ ಪ್ರಶ್ನೆ ಇದು! ಕಣ್ಣು ತುಂಬಿ ಬಂತು. ಆಯ್ತು ಎಂದು ತಲೆಯಾಡಿಸಿದೆ. ಸಾರು ಒಳಗೆ ತಣ್ಣಗಾಗುತ್ತಿತ್ತು.