ಮಣ್ಣು ಹಾಕುವ ಮುನ್ನ

ಚಾಮರಾಜನಗರದಲ್ಲಿ ತರಬೇತಿ ಮುಗಿಸಿ ಜೀಪಿನಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಹಿಂದಿರುಗುತ್ತಿದ್ದ ನರ್ಸ್ ಶಿವರಂಜಿನಿಗೆ ಆದ ಅವಮಾನ ಇನ್ನೂ ಆರಿರಲಿಲ್ಲ. ನಿಂತುಹೋದ ಎದೆಯನ್ನು ಒತ್ತಿ ಒತ್ತಿ ಮತ್ತೆ ನಡೆಸುವ ವಿದ್ಯೆ ಕಲಿಸಲು ಮೈಸೂರಿನಿಂದ ಡಾಕ್ಟರೊಬ್ಬರು ಬಂದಿದ್ದರು. ರಬ್ಬರ್ ಬೊಂಬೆಯನ್ನು ನೆಲದ ಮೇಲೆ ಮಲಗಿಸಿ ಎಲ್ಲರಿಂದಲೂ ಒತ್ತಿಸಿದರು. ಇವಳ ಸರದಿ ಬಂದಾಗ, "ಏನಮ್ಮಾ, ಬೊಂಬೆಗೆ ನೋವಾದೀತು ಅಂತ ಭಯವೇ? ಪಕ್ಕೆಲುಬು ಮುರಿದರೂ ನಿಲ್ಲಿಸಬಾರದು, ಜೀವ ಮುಖ್ಯ. ಒತ್ತು!" ಎಂದು ಗದರಿದರು. ಕೋಣೆಯೆಲ್ಲ ನಕ್ಕಿತು. ಬೊಂಬೆಯನ್ನೇ ಗಟ್ಟಿಯಾಗಿ ಒತ್ತಲಾರದ ಕೈ ಮನುಷ್ಯನ ಮುಂದೆ ಏನು ಮಾಡೀತು ಎಂದು ದಾರಿಯುದ್ದಕ್ಕೂ ಕೊರಗಿದಳು. ಡ್ರೈವರ್ ರಾಚಯ್ಯ ಬೇರೆ, "ಬೊಂಬೆ ಉಸಿರಾಡ್ತಾ ಸಿಸ್ಟರೇ?" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದ.

ತೆರಕಣಾಂಬಿ ದಾಟಿದ ಮೇಲೆ ರಸ್ತೆ ಪಕ್ಕದ ಈರುಳ್ಳಿ ಹೊಲದಿಂದ ಬೊಬ್ಬೆ ಕೇಳಿಸಿತು. ರಾಚಯ್ಯ ಜೀಪು ನಿಲ್ಲಿಸಿದ. ಮೋಟಾರು ಹಾಕಲು ಹೋದ ಪುಟ್ಟಮಲ್ಲಪ್ಪನಿಗೆ ಆಗತಾನೇ ಕರೆಂಟು ಹೊಡೆದಿತ್ತು. ಪಕ್ಕದ ಹೊಲದ ದೊಡ್ಡಬೀರಯ್ಯ ಒಣ ಬಿದಿರಿನಿಂದ ತಂತಿ ತಳ್ಳಿ ಅವನನ್ನು ಬಿಡಿಸಿದ್ದ. ಅಲ್ಲಿಯವರೆಗೆ ಮಾಡಿದ್ದು ಸರಿಯೇ. ಆದರೆ ಕರೆಂಟು ಹೊಡೆದವನನ್ನು ಕುತ್ತಿಗೆಯವರೆಗೆ ಹಸಿ ಮಣ್ಣಿನಲ್ಲಿ ಹೂತರೆ ಭೂಮಿತಾಯಿ ಕರೆಂಟನ್ನು ಎಳೆದುಕೊಳ್ಳುತ್ತಾಳೆ ಎಂಬುದು ಅಲ್ಲಿ ಸೇರಿದ್ದವರ ನಂಬಿಕೆ. ಪುಟ್ಟಮಲ್ಲಪ್ಪನನ್ನು ನೀರಿನ ಕಾಲುವೆಯಲ್ಲಿ ಮಲಗಿಸಿ ಎದೆಯ ಮೇಲೆ ಕೆಸರು ಎಳೆಯುತ್ತಿದ್ದರು.

ಶಿವರಂಜಿನಿ ಓಡಿಹೋಗಿ ಕುತ್ತಿಗೆ ಮುಟ್ಟಿ ನೋಡಿದಳು. ಬಡಿತವಿಲ್ಲ, ಉಸಿರೂ ಇಲ್ಲ.

"ಮಣ್ಣು ಆಕ್ಬೇಡಿ! ಎತ್ರೀ ಮ್ಯಾಲಕ್ಕೆ, ಗಟ್ಟಿ ನೆಲದಲ್ಲಿ ಮಲಗ್ಸಿ!"

"ನಮ್ಮಪ್ಪನ ಕಾಲ್ದಿಂದ್ಲೂ ಇಂಗೇ ಮಾಡ್ತಿರಾದು ಕಣವ್ವ. ನೀ ಯಾರು ಬ್ಯಾಡ ಅನ್ನಕೆ?" ಎಂದು ದೊಡ್ಡಬೀರಯ್ಯ ಸಿಡುಕಿದ.

ಅವನಪ್ಪನ ಕಾಲದಲ್ಲಿ ಆ ಊರಿಗೆ ಕರೆಂಟೇ ಬಂದಿರಲಿಲ್ಲ. ಆದರೆ ವಾದಕ್ಕೆ ಹೊತ್ತೆಲ್ಲಿತ್ತು? ರಾಚಯ್ಯ ಕಾಲುವೆಗೆ ಹಾರಿ, ಯಾರನ್ನೂ ಕೇಳದೆ ಪುಟ್ಟಮಲ್ಲಪ್ಪನ ಕಂಕುಳಿಗೆ ಕೈ ಹಾಕಿ ದಡಕ್ಕೆ ಎಳೆದ.

ಶಿವರಂಜಿನಿ ಮಂಡಿಯೂರಿ ಎದೆಯ ನಡುವೆ ಅಂಗೈ ಊರಿದಳು. ಮೊದಲು ಮೆಲ್ಲಗೆ ಒತ್ತಿದಳು, ಅದೇ ಹಳೆಯ ಅಂಜಿಕೆ. ಮೈ ಅಲುಗಲಿಲ್ಲ. ಹಲ್ಲು ಕಚ್ಚಿ, ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಅಂಗೈ ಕೆಳಗೆ ಏನೋ ಲಟಕ್ಕೆಂದಿತು.

"ಅಯ್ಯೋ, ಮೂಳೆ ಮುರ್ದ್‌ಬುಟ್ಳು! ಬುಡೇ ನನ್ ಗಂಡನ್ನ!" ಚಿಕ್ಕನಿಂಗಮ್ಮ ಅವಳ ಬೆನ್ನಿಗೆ ದಬದಬನೆ ಗುದ್ದಿದಳು. ಗಂಡ ಕೈಬಿಟ್ಟು ಹೋಗುತ್ತಿರುವಾಗ ಯಾವ ಹೆಂಡತಿ ತಾನೇ ಸುಮ್ಮನಿದ್ದಾಳು?

ಏಟು ತಿನ್ನುತ್ತಲೇ ಶಿವರಂಜಿನಿ ಒತ್ತಿದಳು. ನಡುನಡುವೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಪರಗಂಡಸಿಗೆ! ನೆರೆದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ, ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಉಸಿರು. ತೋಳು ಸೋತು ಕಳಚಿಬೀಳುವಂತಾದರೂ ನಿಲ್ಲಿಸಲಿಲ್ಲ.

ಪುಟ್ಟಮಲ್ಲಪ್ಪನ ಗಂಟಲು ಗೊರಕ್ಕೆಂದಿತು. ಒಮ್ಮೆ ಕೆಮ್ಮಿ, ದೀರ್ಘವಾಗಿ ಉಸಿರೆಳೆದುಕೊಂಡ. ಅವಳು ಕುತ್ತಿಗೆಗೆ ಬೆರಳಿಟ್ಟಳು. ನಾಡಿ ಹೊಡೆದುಕೊಳ್ಳುತ್ತಿತ್ತು!

"ಬಂತು ಕಣ್ಲಾ, ಜೀವ ಬಂತು!" ಎಂದು ದೊಡ್ಡಬೀರಯ್ಯ ಕೆಸರುಗೈಯಲ್ಲೇ ಕುಣಿದ. ಶಿವರಂಜಿನಿ ನಾಚಿಕೆ ಬಿಟ್ಟು ಗಳಗಳನೆ ಅತ್ತಳು. ಅಂಥ ಸಂತೋಷ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ರಾಚಯ್ಯ ಗಂಡಹೆಂಡಿರಿಬ್ಬರನ್ನೂ ಹತ್ತಿಸಿಕೊಂಡು, ಜೀಪನ್ನು ಹಾರಿಸಿ ಗುಂಡ್ಲುಪೇಟೆಯ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ. ಸ್ಟ್ರೆಚರಿಗೆ ಇಳಿಸುವಾಗ ಪುಟ್ಟಮಲ್ಲಪ್ಪ ಕಣ್ಣುಬಿಟ್ಟು ಮುಲುಗಿದ:

"ಎದೆ ಸಿಡೀತದೆ... ಯಾರ್ಲಾ ನಂಗೆ ಗುದ್ದಿದ್ದು?"

ಚಿಕ್ಕನಿಂಗಮ್ಮ ತಾನು ಗುದ್ದಿದ್ದ ಶಿವರಂಜಿನಿಯ ಬೆನ್ನನ್ನು ಮೆಲ್ಲಗೆ ಸವರಿದಳು.

"ನಾನೇ ಕಣಣ್ಣ!" ಎಂದಳು ಶಿವರಂಜಿನಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ.